ಎರಡು ಕೆಲಸ, ಒಂದು ಮನಸ್ಸು: ಓದುಗರ ಪ್ರಶ್ನೆ, ನಮ್ಮ ಉತ್ತರ

ಒಟ್ಟೊಟ್ಟಿಗೆ ಎರಡು ಕೆಲಸ ಮಾಡುವಾಗ ಮನಸ್ಸು ಎಲ್ಲಿ ಸೋಲುತ್ತದೆ, ಎಲ್ಲಿ ನಿಭಾಯಿಸುತ್ತದೆ? ಈ ಬಗ್ಗೆ ಮಂಗಳೂರು, ಉಡುಪಿ ಕಡೆಯ ಓದುಗರು ಕೇಳಿದ್ದರಲ್ಲಿ ಆಯ್ದ ಪ್ರಶ್ನೆಗಳು ಇಲ್ಲಿವೆ.

ಬಹಳ ವರ್ಷಗಳಿಂದ ಬೀಡಿ ಕಟ್ಟುತ್ತಿದ್ದೇನೆ. ಟಿ.ವಿ.ಯಲ್ಲಿ ಧಾರಾವಾಹಿ ನೋಡುತ್ತಾ ಕಟ್ಟಿದರೂ ಕೈ ನಿಧಾನವಾಗುವುದಿಲ್ಲ. ಆದರೆ 25ರ ಕಟ್ಟಿಗೆ ಎಣಿಸುವಾಗ ಮಾತ್ರ ಲೆಕ್ಕ ತಪ್ಪುತ್ತದೆ. ಯಾಕೆ ಹೀಗೆ?
– ಕಿನ್ನಿಗೋಳಿಯ ಓದುಗರು

ಎಣಿಸುವಾಗ ತುಟಿ ಅಲ್ಲಾಡದಿದ್ದರೂ "ಹದಿನೇಳು, ಹದಿನೆಂಟು" ಎಂದು ಒಳಗೊಳಗೇ ಹೇಳಿಕೊಳ್ಳುತ್ತೇವೆ. ಈ ಒಳಮಾತಿಗೆ ಮಿದುಳಿನಲ್ಲಿರುವ ಜಾಗ ಬಹಳ ಕಿರಿದು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞರಾದ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ತಾತ್ಕಾಲಿಕ ನೆನಪಿನ ಒಂದು ಮಾದರಿಯನ್ನು ಮುಂದಿಟ್ಟರು. ಕಿವಿಗೆ ಬಿದ್ದ ಮಾತು, ಒಳಗೆ ಹೇಳಿಕೊಂಡ ಮಾತು ಎರಡೂ ಒಂದೇ ಕಡೆ ಬಂದು ಕೂರುತ್ತವೆ. ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದಷ್ಟೇ ಅಲ್ಲಿ ಹಿಡಿಯುತ್ತದೆ. ಮತ್ತೆ ಮತ್ತೆ ಹೇಳಿಕೊಳ್ಳದಿದ್ದರೆ ಅದೂ ಅಳಿಸಿಹೋಗುತ್ತದೆ. ಧಾರಾವಾಹಿಯ ಒಂದು ಸಂಭಾಷಣೆಗೆ ಕಿವಿಗೊಟ್ಟರೆ ಸಾಕು, ನಿಮ್ಮ ಹದಿನೇಳಕ್ಕೆ ಅಲ್ಲಿ ಜಾಗವಿರುವುದಿಲ್ಲ.

ಕಟ್ಟುವ ಕೆಲಸಕ್ಕೆ ಈ ಜಾಗ ಬೇಡ. ಎಲೆಯ ಮೇಲೆ ಹೊಗೆಸೊಪ್ಪು ಹರಡುವುದು, ಸುರುಟುವುದು, ನೂಲು ಸುತ್ತುವುದು, ತುದಿ ಮಡಚುವುದು, ಇವೆಲ್ಲ ಬೆರಳಿನ ಸ್ಪರ್ಶದಿಂದಲೇ ನಡೆಯುತ್ತವೆ. ಮುಂದೇನು ಮಾಡಬೇಕೆಂದು ಪ್ರತಿ ಬೀಡಿಗೂ ಹೊಸದಾಗಿ ನಿರ್ಧರಿಸಬೇಕಾಗಿಲ್ಲ. ವರ್ಷಗಟ್ಟಲೆಯ ಅಭ್ಯಾಸ ಆ ನಿರ್ಧಾರಗಳನ್ನೆಲ್ಲ ತೆಗೆದುಹಾಕಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಕಥೆ ಓದುತ್ತಿರುವಾಗಲೇ ಉಕ್ತಲೇಖನ ಬರೆಯುವ ತರಬೇತಿ ಕೊಟ್ಟಿದ್ದರು (ಫಲಿತಾಂಶ ಪ್ರಕಟವಾದದ್ದು 1976ರಲ್ಲಿ). ಮೊದಲು ಓದಿನ ವೇಗ ಬಿದ್ದುಹೋಯಿತು. ಸುಮಾರು ಆರು ವಾರದ ಅಭ್ಯಾಸದ ನಂತರ ಮಾಮೂಲಿಗೆ ಬಂತು. ಆದರೆ ತಾವು ಬರೆದ ಪದಗಳಲ್ಲಿ ಒಂದೇ ಗುಂಪಿನವು ಸಾಲಾಗಿ ಬಂದರೂ ಅವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಕೈ ಬರೆಯುತ್ತಿತ್ತು, ಅರ್ಥ ತಲೆಗೆ ಹೋಗುತ್ತಿರಲಿಲ್ಲ. ಅರ್ಥವನ್ನೂ ಹಿಡಿಯಲು ಮತ್ತೆ ಬೇರೆಯೇ ತರಬೇತಿ ಬೇಕಾಯಿತು.

ನಿಮಗೆ ಉಪಾಯ ಸುಲಭ: ಎಣಿಕೆಯನ್ನು ಕಿವಿಯಿಂದ ಕಣ್ಣಿಗೆ ದಾಟಿಸಿ. ಕಟ್ಟಿದ ಬೀಡಿಗಳನ್ನು ತಡ್ಪೆಯ (ಮೊರದ) ಒಂದು ಬದಿಯಲ್ಲಿ ಐದೈದರ ಸಾಲಾಗಿ ಇಡಿ. ಐದು ಸಾಲಾದರೆ ಒಂದು ಕಟ್ಟು. ಮೂರು ನಾಲ್ಕು ವಸ್ತುಗಳನ್ನು ಕಣ್ಣು ಎಣಿಸದೆಯೇ ಗುರುತಿಸುತ್ತದೆ, ಐದರ ಸಾಲಿನಲ್ಲಿ ಒಂದು ಕಮ್ಮಿಯಾದರೂ ಉಳಿದ ಸಾಲುಗಳ ಪಕ್ಕದಲ್ಲಿ ಎದ್ದು ಕಾಣುತ್ತದೆ. ಎಲೆ ಕತ್ತರಿಸುವ ಹೊತ್ತಿಗೆ ಮಾತ್ರ ಟಿ.ವಿ. ಬೇಡ, ರೇಡಿಯೊ ಸಾಕು. ನರ ಎಲ್ಲಿದೆ, ಎಲೆ ಎಲ್ಲಿ ಹರಿದಿದೆ, ಅಳತೆಯ ತಗಡನ್ನು ಎಲ್ಲಿಟ್ಟರೆ ಎಲೆ ಪೋಲಾಗುವುದಿಲ್ಲ ಎಂಬುದನ್ನು ಪ್ರತಿ ಎಲೆಗೂ ಕಣ್ಣೇ ನಿರ್ಧರಿಸಬೇಕು. ಕಣ್ಣು ಪರದೆಗೆ ಹೋದರೆ ಎಲೆ ಹಾಳಾಗುತ್ತದೆ, ಕತ್ತರಿ ಬೆರಳಿಗೂ ತಾಗಬಹುದು.

ದಿನಾ ಮಂಗಳೂರಿಗೆ ಕಾರಿನಲ್ಲಿ ಹೋಗಿಬರುತ್ತೇನೆ. ಬ್ಲೂಟೂತ್‌ನಲ್ಲೇ ಮಾತಾಡುವುದು. ಕೈ ಸ್ಟೇರಿಂಗ್ ಮೇಲೆ, ಕಣ್ಣು ರಸ್ತೆ ಮೇಲೆ. ಪಕ್ಕದಲ್ಲಿ ಕೂತವರ ಜೊತೆ ಮಾತಾಡಬಹುದಾದರೆ ಫೋನಿನಲ್ಲಿ ಯಾಕಾಗಬಾರದು?
– ಕಾಪುವಿನ ಓದುಗರು

ಕೈ, ಕಣ್ಣು, ಕಿವಿ ಏಕಕಾಲಕ್ಕೆ ಕೆಲಸ ಮಾಡಬಲ್ಲವು. ಸಿಕ್ಕಿಕೊಳ್ಳುವುದು "ಈಗ ಏನು ಮಾಡಲಿ" ಎಂದು ಆರಿಸುವ ಹಂತದಲ್ಲಿ. ಪ್ರಯೋಗಾಲಯದಲ್ಲಿ ಇದನ್ನು ತೋರಿಸುವ ರೀತಿ ಬಹಳ ಸರಳ. ಒಂದು ಸದ್ದು ಕೇಳಿಸುತ್ತಾರೆ, ಅದು ಏರುದನಿಯೋ ಇಳಿದನಿಯೋ ಎಂದು ಬಾಯಲ್ಲಿ ಹೇಳಬೇಕು. ಆಮೇಲೆ ಪರದೆಯ ಮೇಲೆ ಒಂದು ಅಕ್ಷರ ಬರುತ್ತದೆ, ಯಾವ ಅಕ್ಷರವೆಂದು ನೋಡಿ ಗುಂಡಿ ಒತ್ತಬೇಕು. ಎರಡರ ನಡುವೆ ಒಂದು ಸೆಕೆಂಡು ಬಿಡುವಿದ್ದರೆ ಎರಡಕ್ಕೂ ಮಾಮೂಲಿ ವೇಗದಲ್ಲಿ ಉತ್ತರ ಬರುತ್ತದೆ. ಬಿಡುವನ್ನು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ಮೊದಲಿನದು ಹಾಗೆಯೇ ಇರುತ್ತದೆ, ಎರಡನೆಯದು ತಡವಾಗುತ್ತದೆ. ಒಂದಕ್ಕೆ ಕಿವಿ ಮತ್ತು ಬಾಯಿ, ಇನ್ನೊಂದಕ್ಕೆ ಕಣ್ಣು ಮತ್ತು ಕೈ. ಎಲ್ಲೂ ಒಂದಕ್ಕೊಂದು ಅಡ್ಡ ಬರುವುದಿಲ್ಲ, ಆದರೂ ತಡ. 1931ರಲ್ಲಿ ಮನಶ್ಶಾಸ್ತ್ರಜ್ಞ ಟೆಲ್‌ಫೋರ್ಡ್ ಇದನ್ನು ಮೊದಲು ಅಳೆದರು, 1952ರಲ್ಲಿ ವೆಲ್‌ಫೋರ್ಡ್ ಕಾರಣ ಸೂಚಿಸಿದರು, 1980ರ ದಶಕದಿಂದ ಹೆರಾಲ್ಡ್ ಪ್ಯಾಶ್ಲರ್ ಅದನ್ನು ಬಿಡಿಸಿ ತೋರಿಸಿದರು. ಬ್ಯಾಂಕಿನಲ್ಲಿ ಚೆಕ್ ತೆಗೆದುಕೊಳ್ಳಲು ನಾಲ್ಕು ಕೌಂಟರ್ ಇದ್ದು, ಸಹಿ ಹಾಕುವ ಮ್ಯಾನೇಜರ್ ಒಬ್ಬರೇ ಇದ್ದಂತೆ.

ಈ ತಡ ಸೆಕೆಂಡಿನ ಕಾಲು ಭಾಗ ಎಂದೇ ಇಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 16.7 ಮೀಟರ್ ಓಡುತ್ತದೆ. ಬ್ರೇಕ್ ಒತ್ತಬೇಕೆಂಬ ನಿರ್ಧಾರ ಸಾಲಿನಲ್ಲಿ ಕಾಯುವಾಗಲೇ 4 ಮೀಟರ್ ಮುಂದೆ ಹೋಗಿರುತ್ತೀರಿ. ಹೆದ್ದಾರಿ 66ರಲ್ಲಿ ಡಿವೈಡರ್ ತೆರೆದಿರುವ ಕಡೆ ಎದುರಿನಿಂದ ರಿಕ್ಷಾ ನುಗ್ಗುವಾಗ ಆ 4 ಮೀಟರ್ ಬಹಳ ದೊಡ್ಡದು. ಇನ್ನೊಂದು ಸಮಸ್ಯೆ ಕಣ್ಣಿನದು. ಕಣ್ಣು ರಸ್ತೆಯ ಮೇಲಿದ್ದ ಮಾತ್ರಕ್ಕೆ ರಸ್ತೆ ಕಂಡಿದೆ ಎಂದಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ತಂಡ ಸಿಮ್ಯುಲೇಟರಿನಲ್ಲಿ ಚಾಲಕರ ಕಣ್ಣಿನ ಚಲನೆಯನ್ನೇ ದಾಖಲಿಸಿತು. ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡುತ್ತಿದ್ದವರು ನೇರವಾಗಿ ನೋಡಿದ್ದ ವಸ್ತುಗಳನ್ನೂ ಆಮೇಲೆ ಗುರುತಿಸುವುದರಲ್ಲಿ ಹಿಂದೆ ಬಿದ್ದರು. ಕೆನಡಾದ ಟೊರಾಂಟೊದಲ್ಲಿ ಅಪಘಾತಕ್ಕೆ ಸಿಕ್ಕಿದ್ದ 699 ಚಾಲಕರ ಫೋನ್ ದಾಖಲೆ ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನ್ ಕರೆಯ ಹೊತ್ತಿಗೆ ಅಪಘಾತದ ಸಾಧ್ಯತೆ ನಾಲ್ಕು ಪಟ್ಟು ಇತ್ತು. ಹ್ಯಾಂಡ್ಸ್‌ಫ್ರೀ ಬಳಸಿದವರಿಗೆ ಅದರಲ್ಲಿ ಯಾವ ರಿಯಾಯಿತಿಯೂ ಕಾಣಲಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಹೆಸರಿಸುವುದು ಕೈಯಲ್ಲಿ ಹಿಡಿದ ಫೋನನ್ನು. ಬ್ಲೂಟೂತ್ ಅಪಾಯವಿಲ್ಲದ್ದು ಎಂದು ಇದರಿಂದ ತಿಳಿಯಬೇಡಿ.

ಪಕ್ಕದಲ್ಲಿ ಕೂತವರ ಮಾತು ಬೇರೆ. ಎದುರು ಬಸ್ಸು ಬಂದರೆ ಅವರಿಗೂ ಕಾಣುತ್ತದೆ, ತಾವಾಗಿಯೇ ಬಾಯಿ ಮುಚ್ಚುತ್ತಾರೆ ಅಥವಾ "ಓ ನೋಡಿ" ಎನ್ನುತ್ತಾರೆ. ಫೋನಿನ ಆ ಕಡೆಯವರಿಗೆ ನಿಮ್ಮ ರಸ್ತೆ ಕಾಣುವುದಿಲ್ಲ; ನೀವು ಬ್ರೇಕ್ ಒತ್ತುವ ಕ್ಷಣಕ್ಕೇ ಅವರು ಪ್ರಶ್ನೆ ಕೇಳಿರುತ್ತಾರೆ. ಪಕ್ಕದವರು ಜಗಳ ತೆಗೆದರೆ ಈ ಲಾಭವೂ ಇಲ್ಲ.

ಹೊರಡುವ ಮೊದಲು ಡ್ರೈವಿಂಗ್ ಮೋಡ್ ಹಾಕಿ, "ಗಾಡಿಯಲ್ಲಿದ್ದೇನೆ, ಇಷ್ಟು ಗಂಟೆಗೆ ಕರೆ ಮಾಡುತ್ತೇನೆ" ಎಂಬ ಸಂದೇಶ ತಾನಾಗಿ ಹೋಗುವಂತೆ ಮಾಡಿ. ಮ್ಯಾಪ್ ಕೂಡ ನಿಂತಲ್ಲೇ ಹಾಕಿಕೊಳ್ಳಿ. ತೀರಾ ತುರ್ತಾದರೆ ಪೆಟ್ರೋಲ್ ಬಂಕಿನೊಳಗೆ ನಿಲ್ಲಿಸಿ ಮಾತಾಡಿ. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಬೇಡಿ. ಕರೆ ಮುಗಿದ ಕೂಡಲೇ ಮನಸ್ಸು ರಸ್ತೆಗೆ ಪೂರ್ತಿ ಮರಳಿರುವುದಿಲ್ಲ, ಆದ್ದರಿಂದ ಅರ್ಧ ನಿಮಿಷ ಕೂತು ಹೊರಡಿ. ದ್ವಿಚಕ್ರದವರು ಹೆಲ್ಮೆಟ್ಟಿನೊಳಗೆ ಇಯರ್‌ಫೋನ್ ಹಾಕಿದರೆ ಹಿಂದಿನ ಬಸ್ಸಿನ ಹಾರ್ನ್ ಕೂಡ ಕೇಳದು.

"ನನಗೆ ಅಭ್ಯಾಸವಿದೆ" ಎನ್ನುವವರಿಗೆ ಒಂದು ಮಾತು. ಎರಡನ್ನೂ ಕುಂದಿಲ್ಲದೆ ಮಾಡಬಲ್ಲವರು ಇಲ್ಲವೆಂದಲ್ಲ. ಯೂಟಾದಲ್ಲೇ 200 ಜನರನ್ನು ಪರೀಕ್ಷಿಸಿ 2010ರಲ್ಲಿ ವರದಿ ಮಾಡಿದಾಗ ಅಂಥವರು ನೂರಕ್ಕೆ 2.5 ಮಂದಿ. ತಾವು ಆ ಗುಂಪಿನವರೆಂದು ನಂಬಿದವರ ಸಂಖ್ಯೆ ಇದಕ್ಕಿಂತ ಎಷ್ಟೋ ಹೆಚ್ಚು.

ಮಗ ನೀಟ್ ಪರೀಕ್ಷೆಗೆ ಓದುತ್ತಿದ್ದಾನೆ. ಕಿವಿಯಲ್ಲಿ ಹಾಡು, ಪಕ್ಕದಲ್ಲಿ ವಾಟ್ಸಾಪ್. ಹಾಡು ಇದ್ದರೇ ಓದು ಹತ್ತುವುದು ಎನ್ನುತ್ತಾನೆ. ಬಿಡಬಹುದೇ?
– ಬ್ರಹ್ಮಾವರದ ತಾಯಿಯೊಬ್ಬರು

ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಹಾಡಿನ ವಿಷಯದಲ್ಲಿ ಮಗ ಅರ್ಧ ಸರಿ. ಚಿತ್ರಕ್ಕೆ ಬಣ್ಣ ತುಂಬುವಾಗ, ನೋಟ್ಸ್ ನಕಲು ಮಾಡುವಾಗ ಹಾಡು ತೊಂದರೆ ಕೊಡುವುದಿಲ್ಲ, ಬೇಸರ ಕಳೆಯುತ್ತದೆ. ಹೊಸ ಪಾಠ ಓದಿ ಅರ್ಥ ಮಾಡಿಕೊಳ್ಳುವಾಗ ತಿಳಿದ ಭಾಷೆಯ ಸಾಹಿತ್ಯವಿರುವ ಹಾಡು ಅಡ್ಡ ಬರುತ್ತದೆ. ಪುಸ್ತಕದ್ದೂ ಮಾತು, ಹಾಡಿನದ್ದೂ ಮಾತು. ಜೀವಶಾಸ್ತ್ರದ ವರ್ಗೀಕರಣದಂತೆ ಹೆಸರುಗಳನ್ನು ಕ್ರಮವಾಗಿ ಬಾಯಿಪಾಠ ಮಾಡುವಾಗ ಗೊತ್ತಿಲ್ಲದ ಭಾಷೆಯ ಮಾತು ಕಿವಿಗೆ ಬಿದ್ದರೂ ನೆನಪು ಕೆಡುತ್ತದೆ ಎಂದು 1976ರಿಂದಲೇ ಗೊತ್ತು. ಹಾಗಾಗಿ ಬಾಯಿಪಾಠಕ್ಕೆ ಪೂರ್ತಿ ಮೌನ. ಲೆಕ್ಕ ಬಿಡಿಸುವಾಗ ಬೇಕೆಂದರೆ ಕೊಳಲೋ ವೀಣೆಯೋ, ಸಣ್ಣ ದನಿಯಲ್ಲಿ.

ವಾಟ್ಸಾಪ್ ಮಾತ್ರ ಬೇಡವೇ ಬೇಡ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ. ಸಂದೇಶ ಓದಲು ಹತ್ತು ಸೆಕೆಂಡು ಸಾಕು, ಆದರೆ ಆ ಪುಟದ ಆಲೋಚನೆಯ ಎಳೆ ಮತ್ತೆ ಸಿಗಲು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಫೋನನ್ನು ಬೇರೆ ಕೋಣೆಯಲ್ಲಿ ಇಡಿಸಿ. 40 ನಿಮಿಷ ಓದು, 10 ನಿಮಿಷ ಬಿಡುವು. ಫೋನ್ ನೋಡುವುದಿದ್ದರೆ ಆ ಹತ್ತರಲ್ಲಿ. ಓದುವಾಗ "ಅವನಿಗೊಂದು ಮೆಸೇಜ್ ಮಾಡಬೇಕಿತ್ತು" ಎಂದು ಹೊಳೆದರೆ ಪಕ್ಕದ ಹಾಳೆಯಲ್ಲಿ ಒಂದು ಪದ ಗೀಚಿ ಮುಂದೆ ಹೋಗಲಿ. ಏಳುವ ಮುಂಚೆ "ಮುಂದಿನದು: 14ನೇ ಲೆಕ್ಕದ ಎರಡನೇ ಹಂತ" ಎಂದು ಬರೆದಿಟ್ಟರೆ ಮರಳಿ ಕೂತಾಗ ಎಳೆ ಬೇಗ ಸಿಗುತ್ತದೆ. ಇದನ್ನು ಅಪ್ಪ, ಅಮ್ಮನೂ ಪಾಲಿಸಬೇಕು. ಓದುವ ಹುಡುಗನನ್ನು ನಡುನಡುವೆ "ಚಾ ಬೇಕಾ, ಅಂಗಡಿಗೆ ಹೋಗ್ತೀಯಾ" ಎಂದು ಕರೆದರೂ ಆಗುವ ನಷ್ಟ ಅದೇ.

ಒಮ್ಮೆಗೆ ಎರಡು ಕೆಲಸವೇ ಆಗದು ಎನ್ನುತ್ತೀರಿ. ಅಷ್ಟಾವಧಾನದಲ್ಲಿ ಅವಧಾನಿಗಳು ಎಂಟು ಜನರಿಗೆ ಉತ್ತರಿಸುವುದು ಹೇಗೆ?
– ಉಡುಪಿಯ ನಿವೃತ್ತ ಶಿಕ್ಷಕರು

ತುಂಬ ಒಳ್ಳೆಯ ಪ್ರಶ್ನೆ. ಸಭೆಯಲ್ಲಿ ಹಲವರ ಬೇರೆ ಬೇರೆ ಪ್ರಶ್ನೆಗಳಿಗೆ ಆಶುವಾಗಿ, ಹೆಚ್ಚಾಗಿ ಪದ್ಯದಲ್ಲೇ ಉತ್ತರಿಸುವ ಅವಧಾನ ಈ ಮಿತಿಯನ್ನು ಮೀರುವುದಿಲ್ಲ. ಮಿತಿಯನ್ನು ಒಳಗಿನಿಂದ ಬಲ್ಲವರು ಕಟ್ಟಿದ ಕಲೆ ಅದು.

ನಿಷೇಧಾಕ್ಷರಿ, ಸಮಸ್ಯಾಪೂರಣ (ಕೊಟ್ಟ ಸಾಲಿಗೆ ಹೊಂದುವಂತೆ ಪದ್ಯ ಪೂರ್ತಿಮಾಡುವುದು), ದತ್ತಪದಿ (ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಕಟ್ಟುವುದು), ವರ್ಣನೆ, ಆಶುಕವಿತೆ, ಕಾವ್ಯವಾಚನ, ಸಂಖ್ಯಾಬಂಧ, ಅಪ್ರಸ್ತುತ ಪ್ರಸಂಗ ಎಂದು ಎಂಟು ಪೃಚ್ಛಕರು (ಪ್ರಶ್ನೆ ಕೇಳುವವರು) ಕೂತಿರುತ್ತಾರೆ, ನಿಜ. ಆದರೆ ಒಂದು ಕ್ಷಣಕ್ಕೆ ಅವಧಾನಿಯ ಮುಂದಿರುವುದು ಒಬ್ಬರೇ. ನಿಷೇಧಾಕ್ಷರಿ, ಸಮಸ್ಯೆ, ದತ್ತಪದಿ, ವರ್ಣನೆಗಳಲ್ಲಿ ಸುತ್ತಿಗೊಂದು ಪಾದದಂತೆ (ಸಾಲಿನಂತೆ) ಪದ್ಯ ಬೆಳೆಯುತ್ತದೆ. ನಾಲ್ಕು ಸುತ್ತಿಗೆ ಪದ್ಯ ಪೂರ್ತಿ. ಕೊನೆಗೆ ಎಲ್ಲವನ್ನೂ ನೆನಪಿನಿಂದ ಒಪ್ಪಿಸುವುದು ಧಾರಣ. ಅಂದರೆ ಇಲ್ಲಿರುವುದು ಎರಡು ಸಾಮರ್ಥ್ಯ: ಒಂದರಿಂದ ಇನ್ನೊಂದಕ್ಕೆ ದಾಟುವುದು, ಬಿಟ್ಟು ಬಂದದ್ದನ್ನು ಹಾಳಾಗದಂತೆ ಕಾಯ್ದಿಡುವುದು.

ಕಾಯ್ದಿಡಲು ಛಂದಸ್ಸು ನೆರವಾಗುತ್ತದೆ. ಶಾರ್ದೂಲವಿಕ್ರೀಡಿತ ಎಂಬ ವೃತ್ತದ ಒಂದು ಪಾದಕ್ಕೆ 19 ಅಕ್ಷರ, ಗುರು ಲಘುಗಳ ಸ್ಥಾನ ಮೊದಲೇ ನಿಶ್ಚಿತ, ಎರಡನೇ ಅಕ್ಷರಕ್ಕೆ ಪ್ರಾಸದ ಕಟ್ಟು. ನಮಗೆ 19 ಬಿಡಿ ಅಕ್ಷರಗಳಾಗಿ ಕಾಣುವುದು ಅವರಿಗೆ ಒಂದೇ ಘಟಕ. ತಾತ್ಕಾಲಿಕ ನೆನಪು ಒಮ್ಮೆಗೆ ಹಿಡಿಯುವುದು ಸುಮಾರು ನಾಲ್ಕು ಘಟಕಗಳನ್ನು ಎಂದು ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಘಟಕ ಎಷ್ಟು ದೊಡ್ಡದು ಎಂಬುದಕ್ಕೆ ಅಭ್ಯಾಸವೇ ಅಳತೆ. ಛಂದಸ್ಸು ನಾಲಿಗೆಯಲ್ಲಿ ತಾನಾಗಿ ಹರಿಯುವಷ್ಟು ಪಳಗಿದ್ದರೆ ನಿರ್ಧಾರದ ಶಕ್ತಿಯೆಲ್ಲ ಅರ್ಥಕ್ಕೆ ಸಿಗುತ್ತದೆ.

ಸಂಖ್ಯಾಬಂಧವನ್ನು ಸ್ವಲ್ಪ ಹತ್ತಿರದಿಂದ ನೋಡಿ. 5×5ರ ಚೌಕ, 25 ಮನೆ. ಯಾವ ಸಾಲು ಕೂಡಿಸಿದರೂ ಪೃಚ್ಛಕರು ಹೇಳಿದ ಮೊತ್ತ ಬರಬೇಕು. ಅವರು ನಡುನಡುವೆ ಎದ್ದು ಯಾವುದೋ ಒಂದು ಮನೆಯ ಸಂಖ್ಯೆ ಕೇಳುತ್ತಾರೆ. ಕೇಳಿದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕಹೊರಟರೆ ಪದ್ಯ ಕೈಬಿಡುತ್ತದೆ. 1ರಿಂದ 25ರ ಮೂಲ ಚೌಕ ಕಂಠಸ್ಥವಾಗಿದ್ದರೆ ಅದರ ಸಾಲಿನ ಮೊತ್ತ 65. ಪೃಚ್ಛಕರು 100 ಕೇಳಿದರೆ ಹೆಚ್ಚಬೇಕಾದದ್ದು 35, ಐದು ಮನೆಗೆ ಹಂಚಿದರೆ ತಲಾ 7. ನಡುಮನೆಯ 13 ಈಗ 20. ಹೀಗೆ ಸಾಧಿಸಿದರೆ ಇಡೀ ಸಂಖ್ಯಾಬಂಧಕ್ಕೆ ಹೊತ್ತುಕೊಳ್ಳಬೇಕಾದ ಹೊಸ ಸಂಗತಿ ಒಂದೇ: ಏಳು. ಮೊತ್ತದಿಂದ 65 ಕಳೆದದ್ದು ಐದರಿಂದ ಭಾಗವಾಗದಿದ್ದರೆ ಉಳಿದದ್ದನ್ನು ಪ್ರತಿ ಸಾಲಿನ ಒಂದೊಂದು ಮನೆಗೆ ಸೇರಿಸಬೇಕಾಗಿ ಹೊರೆ ತುಸು ಏರುತ್ತದೆ.

ಅಪ್ರಸ್ತುತ ಪ್ರಸಂಗಿಯ ಕೆಲಸ ಇದಕ್ಕೆ ತದ್ವಿರುದ್ಧ. ಪಾದ ಕೂಡಿಬರುವ ಹೊತ್ತಿಗೆ ಸರಿಯಾಗಿ ಸಂಬಂಧವಿಲ್ಲದ ಪ್ರಶ್ನೆ ಎಸೆದು ಒಳಮಾತನ್ನು ಅಳಿಸುವುದೇ ಅವರ ಗುರಿ. ಪ್ರಯೋಗಾಲಯದಲ್ಲಿ ಮನಶ್ಶಾಸ್ತ್ರಜ್ಞರು ಮಾಡುವುದನ್ನು ಅವರು ಸಭೆಯಲ್ಲಿ ಮಾಡುತ್ತಾರೆ. ನಿಷೇಧಾಕ್ಷರಿಯಲ್ಲಿ ಮುಂದಿನ ಅಕ್ಷರ ಇದಾಗಕೂಡದು ಎಂದು ಪೃಚ್ಛಕರು ತಡೆಯುತ್ತಾ ಹೋಗುವುದರಿಂದ ಅಕ್ಷರ ಅಕ್ಷರಕ್ಕೂ ಹೊಸ ಆಯ್ಕೆ. ಅಭ್ಯಾಸದ ದಾರಿಯನ್ನೇ ಮುಚ್ಚುವ ವಿಭಾಗವಾದ್ದರಿಂದ ಅದೇ ಕಷ್ಟದ್ದು. ಶತಾವಧಾನಿ ಆರ್. ಗಣೇಶ್ ಅವರ ಅವಧಾನ ಕೂತು ನೋಡುವ ಅವಕಾಶವಾದರೆ ನಿಷೇಧಾಕ್ಷರಿಯ ವೇಳೆ ಉಳಿದವರು ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನೂ ಗಮನಿಸಿ.

ಹೆಂಗಸರಿಗೆ ಒಟ್ಟಿಗೆ ಹತ್ತು ಕೆಲಸ ಮಾಡಲು ಬರುತ್ತದೆ, ಗಂಡಸರಿಗೆ ಆಗದು ಎನ್ನುತ್ತಾರಲ್ಲ?
– ಸುರತ್ಕಲ್‌ನ ಓದುಗರು

ಗಟ್ಟಿ ಪುರಾವೆ ಇಲ್ಲ. 2013ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಹೆಂಗಸರಿಗೆ ಸಣ್ಣ ಮೇಲುಗೈ ಕಂಡಿತ್ತು. 2019ರಲ್ಲಿ ಜರ್ಮನಿಯಲ್ಲಿ 48 ಹೆಂಗಸರು, 48 ಗಂಡಸರನ್ನು ಪರೀಕ್ಷಿಸಿದಾಗ ವ್ಯತ್ಯಾಸವೇ ಸಿಗಲಿಲ್ಲ, ಇಬ್ಬರೂ ಒಂದೇ ರೀತಿ ಸೋತರು. ಒಲೆ, ಮಗು, ಫೋನು ಮೂರನ್ನೂ ಹೆಂಗಸರು ನೋಡಿಕೊಳ್ಳುತ್ತಿದ್ದರೆ ಅದಕ್ಕೆ ಕಾರಣ ಮನೆಯ ಕೆಲಸದ ಹಂಚಿಕೆ. ಈ ಮಾತನ್ನು ಹೊಗಳಿಕೆಯಾಗಿ ಬಳಸಿ ಹೊರೆ ಹೊರಿಸುವುದು ಸರಿಯಲ್ಲ.

ಮಂಗಳೂರಿನ ಒಂದು ಮೆಡಿಕಲ್‌ನಲ್ಲಿ ಕೆಲಸ ಮಾಡುತ್ತೇನೆ. ಸಂಜೆ ರಶ್ಶಿನಲ್ಲಿ ಚೀಟಿ ನೋಡಿ ಮಾತ್ರೆ ತೆಗೆಯುವಾಗಲೇ ಫೋನ್ ಬರುತ್ತದೆ, ಇನ್ನೊಬ್ಬರು ರೇಟು ಕೇಳುತ್ತಾರೆ. ತಪ್ಪಾಗದಿರಲು ಏನು ಮಾಡಬೇಕು?

ನೀವು ಹೆದರುವುದರಲ್ಲಿ ಅರ್ಥವಿದೆ. ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ದಾದಿಯರು ಔಷಧ ಕೊಡುವುದನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೊಂದು ಅಡಚಣೆಗೂ ತಪ್ಪುಗಳು ಸುಮಾರು ಶೇ. 12ರಷ್ಟು ಹೆಚ್ಚಿದ್ದವು. ವಿಮಾನಯಾನದವರು ಈ ಪಾಠ ಮೊದಲೇ ಕಲಿತಿದ್ದರು: 10,000 ಅಡಿಗಿಂತ ಕೆಳಗೆ ಹಾರುವಾಗ ಕಾಕ್‌ಪಿಟ್ಟಿನಲ್ಲಿ ಹಾರಾಟಕ್ಕೆ ಸಂಬಂಧಪಡದ ಮಾತು ಕೂಡದೆಂದು ಅಮೆರಿಕ 1981ರಲ್ಲೇ ನಿಯಮ ಮಾಡಿತು.

ನಿಮ್ಮ ಕೌಂಟರಿನಲ್ಲೂ ಅಂಥ ಒಂದು ಗಡಿ ಬೇಕು. ಚೀಟಿ ಕೈಗೆ ಬಂದಲ್ಲಿಂದ ಮಾತ್ರೆ ಟ್ರೇಗೆ ಬೀಳುವವರೆಗೆ ಫೋನ್ ಎತ್ತುವುದು ಇನ್ನೊಬ್ಬರ ಕೆಲಸ. ಒಬ್ಬರೇ ಇದ್ದರೆ ರಿಂಗ್ ಆಗಲಿ, ಆಮೇಲೆ ತಿರುಗಿ ಕರೆ ಮಾಡಿ. ಒಂದು ಚೀಟಿಗೆ ಒಂದು ಟ್ರೇ, ಎರಡು ಚೀಟಿಯ ಸ್ಟ್ರಿಪ್‌ಗಳು ಒಂದೇ ಮೇಜಿನ ಮೇಲೆ ಬೆರೆಯಬಾರದು. ರೇಟು ಕೇಳಿದವರಿಗೆ "ಒಂದು ನಿಮಿಷ ಕೂತ್ಕೊಳ್ಳಿ" ಎಂದು ಹೇಳಿ, ಕಣ್ಣು ಚೀಟಿಯಿಂದ ಎತ್ತಬೇಡಿ. ಅಷ್ಟಾಗಿಯೂ ನಡುವೆ ಕಡಿದುಹೋದರೆ ಬಿಟ್ಟಲ್ಲಿಂದ ಮುಂದುವರಿಸಬೇಡಿ, ರೋಗಿಯ ಹೆಸರಿನಿಂದ ಮತ್ತೆ ಶುರುಮಾಡಿ. ಬಿಟ್ಟ ಜಾಗ ಯಾವುದೆಂಬ ನೆನಪೇ ಇಲ್ಲಿ ಮೊದಲು ಕೈಕೊಡುವುದು: ತೆಗೆಯದ ಸ್ಟ್ರಿಪ್ಪನ್ನು ತೆಗೆದೆ ಎಂದು ಅನ್ನಿಸುತ್ತದೆ, 250 ಮಿ.ಗ್ರಾಂ. ಬದಲು 500 ಕೈಗೆ ಬಂದಿರುತ್ತದೆ. ಕೊಡುವ ಮೊದಲು ಹೆಸರು, ಪ್ರಮಾಣ, ಸಂಖ್ಯೆ ಈ ಮೂರನ್ನೂ ಗಟ್ಟಿಯಾಗಿ ಓದಿ ಹೇಳಿ. ಆಗ ಗಿರಾಕಿಯ ಕಿವಿಯೂ ನಿಮ್ಮ ಜೊತೆ ತಪಾಸಣೆ ಮಾಡುತ್ತದೆ.

ತಂದೆಯವರಿಗೆ 76 ವರ್ಷ. ನಡೆಯುವಾಗ ಏನಾದರೂ ಕೇಳಿದರೆ ನಿಂತು ಉತ್ತರ ಕೊಡುತ್ತಾರೆ. ಇದು ವಯಸ್ಸಿನ ಸಹಜ ಲಕ್ಷಣವೇ?
– ಮಲ್ಪೆಯ ಓದುಗರು

ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ವೀಡನ್ನಿನ ವೃದ್ಧಾಶ್ರಮವಾಸಿಗಳಲ್ಲಿ 58 ಮಂದಿಯನ್ನು ನಡೆಸುತ್ತಾ ಮಾತಾಡಿಸಿದಾಗ 12 ಮಂದಿ ನಿಂತುಬಿಟ್ಟರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದಿದ್ದರು (1997ರ ವರದಿ). ನಡಿಗೆ ತಾನಾಗಿ ನಡೆಯುವ ಕೆಲಸವಾಗಿ ಉಳಿದಿಲ್ಲ, ಹೆಜ್ಜೆಗೂ ಈಗ ಗಮನ ಬೇಕಾಗಿದೆ ಎಂಬುದರ ಸೂಚನೆ ಇದು.

ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಕುರ್ಚಿಯಿಂದ 3 ಮೀಟರ್ ದೂರಕ್ಕೆ ಗುರುತು ಹಾಕಿ. ಎದ್ದು, ಮಾಮೂಲಿ ನಡಿಗೆಯಲ್ಲಿ ಹೋಗಿ ತಿರುಗಿ ಬಂದು ಕೂರಲಿ. ಪಕ್ಕದಲ್ಲೇ ನೀವಿರಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ತಿಳಿದು ವೈದ್ಯರಿಗೆ, ಫಿಸಿಯೋಥೆರಪಿಸ್ಟರಿಗೆ ತೋರಿಸಿ. ಅದುವರೆಗೆ ಹಿಂದಿನಿಂದ ಕೂಗಿ ಕರೆಯಬೇಡಿ, ಎದುರಿಗೆ ಬಂದು ಮಾತಾಡಿ. ಅವರು ನಿಂತರೆ ನಿಲ್ಲಲಿ, "ನಡೀತಾ ಹೇಳಿ" ಎಂದು ಅವಸರಿಸಬೇಡಿ. ನಿಂತು ಅವರು ತಮ್ಮನ್ನು ಕಾಪಾಡಿಕೊಳ್ಳುತ್ತಿದ್ದಾರೆ. ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಪಾಚಿ ಕಟ್ಟಿರುವಾಗ, ಮೆಟ್ಟಿಲು ಇಳಿಯುವಾಗ, ಕೈಯಲ್ಲಿ ನೀರಿನ ಚೆಂಬು ಇರುವಾಗ ಮಾತೇ ಬೇಡ.

ನಮ್ಮ ಮಿತಿ ಎಷ್ಟೆಂದು ನಾವೇ ಅಳೆಯಬಹುದೇ?
– ಮಣಿಪಾಲದ ವಿದ್ಯಾರ್ಥಿನಿ

ಫೋನಿನ ಸ್ಟಾಪ್‌ವಾಚ್ ಸಾಕು. "ಕ"ದಿಂದ "ಞ"ವರೆಗೆ ಹತ್ತು ಅಕ್ಷರ ಹೇಳಿ, ಸಮಯ ಬರೆಯಿರಿ. 10ರಿಂದ 1ಕ್ಕೆ ಹಿಂದುಮುಂದಾಗಿ ಎಣಿಸಿ, ಅದನ್ನೂ ಬರೆಯಿರಿ. ಎರಡನ್ನೂ ಕೂಡಿಸಿ. ಈಗ ಹೆಣೆದು ಹೇಳಿ: ಕ-10, ಖ-9, ಗ-8… ಹೇಳಿದ್ದು ಅವೇ ಇಪ್ಪತ್ತು ಪದ, ಆದರೂ ಹಿಡಿದ ಹೊತ್ತು ಮೊದಲ ಮೊತ್ತಕ್ಕಿಂತ ಹೆಚ್ಚು. ಆ ಹೆಚ್ಚಳವೇ ಒಂದರಿಂದ ಇನ್ನೊಂದಕ್ಕೆ ದಾಟುವ ಖರ್ಚು. ಇದೇ ಬಗೆಯ ಪ್ರಯೋಗವನ್ನು ಮನಶ್ಶಾಸ್ತ್ರಜ್ಞ ಆರ್ಥರ್ ಜರ್ಸಿಲ್ಡ್ 1927ರಲ್ಲಿ ಕಾಗದ, ಪೆನ್ಸಿಲ್ ಹಿಡಿದು ಮಾಡಿದ್ದರು.

ಮೊದಲ ಸಲದ ಫಲಿತಾಂಶವನ್ನು ಬಿಟ್ಟು, ಮುಂದಿನ ಮೂರು ಸಲದ ಸರಾಸರಿ ತೆಗೆಯಿರಿ. ಸಮಯದ ಜೊತೆ ತಪ್ಪುಗಳನ್ನೂ ಗೆಳತಿಯೊಬ್ಬಳು ಗುರುತು ಹಾಕಲಿ. ತಪ್ಪಿದವರಿಗೆ ತಾವು ತಪ್ಪಿದ್ದು ಹೆಚ್ಚಾಗಿ ಗೊತ್ತಾಗುವುದಿಲ್ಲ. ವಾರ ಬಿಡದೆ ಅಭ್ಯಾಸ ಮಾಡಿದರೆ ಹೆಚ್ಚಳ ಕುಗ್ಗುತ್ತದೆ. ಆಗ ಜೋಡಣೆ ಬದಲಿಸಿ ಟ-20, ಠ-18, ಡ-16 ಎಂದು ಎರಡೆರಡು ಕಳೆಯುತ್ತಾ ಹೇಳಿ ನೋಡಿ. ಕುಗ್ಗಿದ ಹೆಚ್ಚಳ ಬಹುಪಾಲು ಹಿಂದಿರುಗುತ್ತದೆ, ಏಕೆಂದರೆ ನೀವು ಪಳಗಿಸಿದ್ದು ಆ ಒಂದು ಜೋಡಿಯನ್ನು ಮಾತ್ರ.